ನಗರದಾಚೆಯ ನೆಲೆ: ಒಂದು ಇತಿಹಾಸಾವಲೋಕನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬಾಳಿನ ಈ ಎರಡು ಮಹತ್ಕಾರ್ಯಗಳ ಕಷ್ಟವನ್ನು ನಮ್ಮ ಹಿರಿಯರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದಾರೆ. ಆದರೆ ಈ ಗಾದೆ ಮನೆ ಕಟ್ಟುವ ಬವಣೆಯನ್ನು ಹೇಳುತ್ತದೆಯೇ ಹೊರತು, ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಅಂದಿನ ಕಾಲಕ್ಕೆ ಅದು ಪ್ರಶ್ನೆಯೇ ಆಗಿರಲಿಲ್ಲ. ಯಾವ ಊರು, ಯಾವ ಬೀದಿ, ಯಾವ ಕೇರಿ ಎಂಬುದು ಹುಟ್ಟಿನೊಂದಿಗೇ ನಿರ್ಧಾರವಾಗಿರುತ್ತಿತ್ತು. ಕಡಲು ದಾಟಿ ಬಂದ ನಮಗಾದರೋ ಕಟ್ಟುವ ಕಷ್ಟ ಕಡಿಮೆ. ಕಟ್ಟಿದ ಮನೆಯನ್ನೇ ಕೊಳ್ಳುತ್ತೇವೆ. ಆದರೆ "ಎಲ್ಲಿ" ಎಂಬ ಪ್ರಶ್ನೆ ಮಾತ್ರ ನಿದ್ದೆಗೆಡಿಸುತ್ತದೆ. ಮಕ್ಕಳಿಗೆ ಒಳ್ಳೆಯ ಶಾಲೆ ಇರಬೇಕು, ದೇವಸ್ಥಾನ ಹತ್ತಿರವಿರಬೇಕು, ನೆರೆಹೊರೆ ಸಭ್ಯವಾಗಿರಬೇಕು, "ನಮ್ಮ ಸಂಸ್ಕಾರಕ್ಕೆ ಹೊಂದುವಂತಿರಬೇಕು" ಎಂದು ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಹಂಬಲಿಸುವುದು ಸಹಜ. ಈ ಹಂಬಲಕ್ಕೂ ಒಂದು ಇತಿಹಾಸವಿದೆ. ಕಾಲೇಜಿನಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ, ಆನಂತರ ಸಂಸಾರದ ಜವಾಬ್ದಾರಿಯಲ್ಲಿ ಪುಸ್ತಕವನ್ನು ಬದಿಗಿಟ್ಟ ನನ್ನಂಥವಳಿಗೆ, ಆ ಇತಿಹಾಸ ಮನೆ ಹುಡುಕುವ ನೆಪದಲ್ಲಿ ಮತ್ತೆ ಎದುರಾಯಿತು. ಅದನ್ನು ಸಮ್ಮೇಳನಕ್ಕೆ ಬಂದಿರುವ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

1898: ಎರಡು ಊರು, ಒಂದು ವರ್ಷ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಕಿಕ್ಕಿರಿದ ಪೇಟೆಯ ಓಣಿಗಳಲ್ಲಿ ಮಾರಿ ಮನೆಯಿಂದ ಮನೆಗೆ ಹರಡಿತು. ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಗಾಳಿ ಬೆಳಕು ಧಾರಾಳವಾಗಿರುವ, ಅಗಲವಾದ ರಸ್ತೆಗಳೂ ಚರಂಡಿಗಳೂ ಇರುವ ಹೊಸ ಬಡಾವಣೆಗಳ ಅಗತ್ಯ ಮೈಸೂರು ಸರ್ಕಾರಕ್ಕೆ ಮನವರಿಕೆಯಾಯಿತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಹೀಗೆ ಬೆಳೆದು ನಿಂತವು. ಇಂದು ನಗರದ ಹೃದಯಭಾಗವೆನಿಸಿರುವ ಇವು ಅಂದು ನಗರದ ಹೊರವಲಯಗಳಾಗಿದ್ದವು.

ನನ್ನ ಮುತ್ತಜ್ಜ ಪೇಟೆಯ ಮನೆ ಬಿಟ್ಟು ಬಸವನಗುಡಿಯಲ್ಲಿ ನಿವೇಶನ ಪಡೆದವರಲ್ಲಿ ಒಬ್ಬರು. ಅಜ್ಜಿ ಆ ಕಥೆಯನ್ನು ಹೇಳುವಾಗಲೆಲ್ಲ "ಸುತ್ತ ಕಾಡು, ನರಿ ಕೂಗುತ್ತಿತ್ತಂತೆ, ಆದರೂ ಭಯವಿರಲಿಲ್ಲ, ಅಕ್ಕಪಕ್ಕ ಎಲ್ಲ ನಮ್ಮವರೇ" ಎಂದು ಮುಗಿಸುತ್ತಿದ್ದರು. ಆ "ನಮ್ಮವರೇ" ಎಂಬ ಮಾತು ಬಾಲ್ಯದಲ್ಲಿ ನನಗೆ ಕಂಬಳಿ ಹೊದ್ದಷ್ಟು ಹಿತವಾಗಿತ್ತು. ಅಕ್ಕಪಕ್ಕದವರೆಲ್ಲ ನಮ್ಮವರೇ ಆಗಿದ್ದುದು ಆಕಸ್ಮಿಕವಲ್ಲ, ಆ ಬಡಾವಣೆಗಳ ನಿವೇಶನಗಳನ್ನು ಜಾತಿ ಸಮುದಾಯಗಳಿಗೆ ಅನುಸಾರವಾಗಿ ವಿಂಗಡಿಸಲಾಗಿತ್ತು ಎಂಬುದನ್ನು ನಾನು ಅರಿತದ್ದು ಬಹಳ ತಡವಾಗಿ. ಪ್ಲೇಗಿನಿಂದ ಪಾರಾಗಲು ಕಟ್ಟಿದ ಹೊಸ ಊರಿನ ನಕ್ಷೆಯಲ್ಲಿ, ಹಳೆಯ ಊರಿನ ಕೇರಿಗಳ ಗೆರೆಗಳು ಹಾಗೆಯೇ ಉಳಿದುಕೊಂಡಿದ್ದವು.

ಅದೇ 1898ರಲ್ಲಿ ಲಂಡನ್ ನಗರದಲ್ಲಿ ಎಬನೇಜರ್ ಹೋವರ್ಡ್ ಎಂಬ ಶೀಘ್ರಲಿಪಿಕಾರ ಒಂದು ಪುಸ್ತಕವನ್ನು ಪ್ರಕಟಿಸಿದ. ಹೊಗೆ ಮುಸುಕಿದ ಮಹಾನಗರವೂ ಬೇಡ, ಕೂಲಿಯಿಲ್ಲದ ಹಳ್ಳಿಯೂ ಬೇಡ. ಇವೆರಡರ ಗುಣಗಳನ್ನು ಬೆಸೆದ, ಸುತ್ತ ಹೊಲಗದ್ದೆಗಳ ಹಸುರು ಪಟ್ಟಿಯುಳ್ಳ, ಮಿತವಾದ ಜನಸಂಖ್ಯೆಯ "ಉದ್ಯಾನ ನಗರ"ಗಳನ್ನು ಕಟ್ಟಬೇಕೆಂಬುದು ಆತನ ವಾದ. ಭೂಮಿಯ ಬೆಲೆ ಏರಿದಾಗ ಬರುವ ಲಾಭ ಒಬ್ಬ ಜಮೀನ್ದಾರನಿಗಲ್ಲ, ಇಡೀ ಊರಿಗೆ ಸೇರಬೇಕೆಂದೂ ಆತ ಬಯಸಿದ. 1903ರಲ್ಲಿ ಲೆಚ್‌ವರ್ತ್ ಎಂಬಲ್ಲಿ ಅಂಥ ಮೊದಲ ಊರಿನ ನಿರ್ಮಾಣ ಆರಂಭವಾಯಿತು. ಒಂದೇ ವರ್ಷದಲ್ಲಿ ಎರಡು ಖಂಡಗಳಲ್ಲಿ, ಒಂದೆಡೆ ರೋಗದ ಭಯದಿಂದ, ಇನ್ನೊಂದೆಡೆ ಆದರ್ಶದ ಬಲದಿಂದ, ಮನುಷ್ಯ ನಗರದಾಚೆಗೆ ನೆಲೆ ಹುಡುಕಿದ ಎಂಬುದು ಎಷ್ಟು ಸ್ವಾರಸ್ಯಕರ! ಭಯ ಮತ್ತು ಆದರ್ಶ ಎಂಬ ಈ ಎರಡು ಪ್ರೇರಣೆಗಳು ಆನಂತರದ ಇತಿಹಾಸದಲ್ಲೆಲ್ಲ ಜೊತೆಜೊತೆಯಾಗಿಯೇ ಸಾಗಿಬಂದಿವೆ.

ಅಮೆರಿಕದ ಆಲೂಗೆಡ್ಡೆ ಹೊಲದಲ್ಲಿ ಎದ್ದ ಊರು

ಅಮೆರಿಕದಲ್ಲಿ ಶ್ರೀಮಂತರು ನಗರದಾಚೆಗೆ ಹೋಗಲು ಆರಂಭಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿಯೇ. ನ್ಯೂ ಜೆರ್ಸಿಯ ಲುವೆಲಿನ್ ಪಾರ್ಕ್, ಷಿಕಾಗೋ ಬಳಿಯ ರಿವರ್‌ಸೈಡ್ ಮೊದಲಾದವು ಇದಕ್ಕೆ ನಿದರ್ಶನಗಳು. ಮಧ್ಯಮ ವರ್ಗದವರಿಗೂ ಕೂಲಿಕಾರರಿಗೂ ಆ ಬಾಗಿಲು ತೆರೆದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ.

ನಾವು ನೆಲೆಸಿರುವ ಮೇರಿಲೆಂಡ್ ರಾಜ್ಯದಲ್ಲಿಯೇ ಆ ದಿಕ್ಕಿನ ಒಂದು ಮಹತ್ತ್ವದ ಪ್ರಯೋಗ ನಡೆಯಿತು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರ ವಾಷಿಂಗ್ಟನ್ನಿನ ಹೊರಗೆ ಗ್ರೀನ್‌ಬೆಲ್ಟ್ ಎಂಬ ಊರನ್ನು ಕಟ್ಟಿಸಿತು. 1937ರಲ್ಲಿ ಮೊದಲ ಕುಟುಂಬಗಳು ಬಂದು ನೆಲೆಸಿದವು. ಮೊದಲ ಹಂತದ ಮನೆಗಳು 885. ಅರ್ಧಚಂದ್ರಾಕಾರದ ಬೀದಿಗಳು, ಮಕ್ಕಳು ಮೋಟಾರು ರಸ್ತೆಯನ್ನು ದಾಟದೆ ಶಾಲೆಗೆ ಹೋಗಲು ನೆಲದಡಿಯ ದಾರಿಗಳು, ಸಹಕಾರ ತತ್ತ್ವದ ಅಂಗಡಿ: ಒಟ್ಟಿನಲ್ಲಿ ಎಬನೇಜರ್ ಹೋವರ್ಡನ ಕನಸಿನ ಛಾಯೆಯನ್ನು ಅಲ್ಲಿ ಕಾಣಬಹುದು. ಊರಿಗೆ ಬರುವ ಕುಟುಂಬಗಳನ್ನು ಸಂದರ್ಶನ ನಡೆಸಿ ಆಯ್ದುಕೊಳ್ಳಲಾಗುತ್ತಿತ್ತು. ಕೂಡಿ ಬಾಳುವ ಮನೋಧರ್ಮ ಇದೆಯೇ ಎಂದು ವಿಚಾರಿಸಲಾಗುತ್ತಿತ್ತು. ಆದರೆ ಆ ಊರನ್ನು ಕಟ್ಟಲು ದುಡಿದ ಕಪ್ಪು ಕೂಲಿಕಾರರಿಗೆ ಅದರಲ್ಲಿ ಒಂದು ಮನೆಯೂ ಸಿಗಲಿಲ್ಲ. ಕೂಡಿ ಬಾಳುವ ಊರಿನಲ್ಲಿ ಯಾರೊಡನೆ ಕೂಡಬಾರದು ಎಂಬುದು ಮೊದಲೇ ತೀರ್ಮಾನವಾಗಿತ್ತು.

ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ಹಿಂದಿರುಗಿದಾಗ ಮನೆಗಳ ಕೊರತೆ ಭೀಕರವಾಯಿತು. 1944ರ ಸೈನಿಕರ ಕಾಯಿದೆಯೂ, 1934ರಲ್ಲಿ ಸ್ಥಾಪನೆಯಾಗಿದ್ದ ಕೇಂದ್ರ ವಸತಿ ಆಡಳಿತವೂ ಸುಲಭ ಸಾಲಕ್ಕೆ ಬೆಂಬಲವಾಗಿ ನಿಂತವು. 1947ರಲ್ಲಿ ಲೆವಿಟ್ ಎಂಬ ಸಂಸ್ಥೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಆಲೂಗೆಡ್ಡೆ ಹೊಲಗಳಲ್ಲಿ ಲೆವಿಟೌನ್ ಎಂಬ ಊರನ್ನು ಆರಂಭಿಸಿತು. ಕಾರ್ಖಾನೆಯಲ್ಲಿ ಮೋಟಾರು ತಯಾರಾಗುವಂತೆ, ಒಂದೊಂದು ತಂಡ ಒಂದೊಂದು ಕೆಲಸವನ್ನು ಮಾಡುತ್ತ ಮುಂದೆ ಸಾಗುತ್ತಿತ್ತು. 1951ರ ವೇಳೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದಿದ್ದವು.

ಈ ಊರಿನ ಕಟ್ಟಳೆಗಳು ಗೃಹಿಣಿಯರಾದ ನಮಗೆ ಕುತೂಹಲಕರವಾಗಿವೆ. ಬೇಲಿ ಹಾಕಕೂಡದು, ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕು, ಭಾನುವಾರ ಬಟ್ಟೆ ಒಣಹಾಕಕೂಡದು! ಒಂಬತ್ತು ಗಜದ ಸೀರೆಯನ್ನು ಹಿತ್ತಲಲ್ಲಿ ಹರವುತ್ತಿದ್ದ ನಮ್ಮ ಅಜ್ಜಿಯರು ಕೇಳಿದ್ದರೆ ನಗುತ್ತಿದ್ದರು. ಆದರೆ ಇನ್ನೊಂದು ಕಟ್ಟಳೆ ನಗುವಂಥದಲ್ಲ. ಬಿಳಿಯರಲ್ಲದವರು ಆ ಮನೆಗಳಲ್ಲಿ ವಾಸಿಸಕೂಡದೆಂದು ಕರಾರಿನಲ್ಲಿಯೇ ಬರೆಯಲಾಗಿತ್ತು. ಇದು ಒಬ್ಬ ಕಂಟ್ರಾಕ್ಟರನ ಹಟವಷ್ಟೇ ಆಗಿರಲಿಲ್ಲ. ಇಂಥ ನಿರ್ಬಂಧಗಳಿದ್ದರೆ ನೆರೆಹೊರೆ "ಸ್ಥಿರ"ವಾಗಿರುತ್ತದೆಂದು ಸ್ವತಃ ಕೇಂದ್ರ ವಸತಿ ಆಡಳಿತವೇ ತನ್ನ ಕೈಪಿಡಿಯಲ್ಲಿ ಬೋಧಿಸುತ್ತಿತ್ತು. 1957ರಲ್ಲಿ ಪೆನ್ಸಿಲ್ವೇನಿಯದ ಲೆವಿಟೌನಿಗೆ ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿಗಳು ಮಕ್ಕಳೊಡನೆ ಬಂದಾಗ, ಗುಂಪು ಸೇರಿದ ನೆರೆಯವರು ಕಲ್ಲು ತೂರಿದರು. ಆ ಸಂಸಾರ ಎದೆಗುಂದದೆ ಅಲ್ಲಿಯೇ ಉಳಿಯಿತು. ಕೆಲವು ನೆರೆಯವರು ಅವರ ಬೆಂಬಲಕ್ಕೂ ನಿಂತರು ಎಂಬುದನ್ನು ಮರೆಯಬಾರದು.

ಪತ್ರದಲ್ಲಿ ಕಂಡ ಒಂದು ಸಾಲು

ಇಷ್ಟನ್ನು ಓದಿದವರಿಗೆ "ಇದು ಕರಿಯರ ಬಿಳಿಯರ ಕಥೆ, ನಮಗೇನು ಸಂಬಂಧ?" ಎನಿಸಬಹುದು. ನನಗೂ ಹಾಗೆಯೇ ಅನಿಸುತ್ತಿತ್ತು.

ನಾವು ಮೇರಿಲೆಂಡಿಗೆ ಬಂದು ಕೆಲವು ವರ್ಷಗಳು ನಗರದೊಳಗಿನ ಬಾಡಿಗೆ ಮನೆಯಲ್ಲಿದ್ದೆವು. ಮಗ ಒಂದನೆಯ ತರಗತಿಗೆ ಸೇರುವ ವಯಸ್ಸಾದಾಗ, ಅಂದರೆ 2004ರಲ್ಲಿ, ಹೊರವಲಯದಲ್ಲಿ ಮನೆ ಹುಡುಕಲು ತೊಡಗಿದೆವು. ಯಜಮಾನರಿಗೆ ಶಾಲೆ ಮುಖ್ಯ. ಆಗ ನಮ್ಮೊಡನಿದ್ದ ಅತ್ತೆಯವರಿಗೆ ಲ್ಯಾನ್‌ಹ್ಯಾಮಿನ ಶಿವವಿಷ್ಣು ದೇವಸ್ಥಾನ ಹತ್ತಿರವಿರಬೇಕು. ಕಾರು ನಡೆಸಲು ಅಂಜುತ್ತಿದ್ದ ನನಗೆ ಕಾಲುದಾರಿಯಾದರೂ ಇರಬೇಕು. ವಾಷಿಂಗ್ಟನ್ನಿನ ಅಂಚಿನಲ್ಲಿ, 1940ರ ದಶಕದಲ್ಲಿ ಕಟ್ಟಿದ ಇಟ್ಟಿಗೆಯ ಪುಟ್ಟ ಮನೆಯೊಂದು ಎಲ್ಲರಿಗೂ ಒಪ್ಪಿಗೆಯಾಯಿತು. ಅಂಗಳದಲ್ಲಿ ದೊಡ್ಡ ಓಕ್ ಮರ. ಅಡುಗೆಮನೆಗೆ ಪೂರ್ವದ ಬಿಸಿಲು. ಹಳೆಯ ಪತ್ರಗಳ ಪ್ರತಿಯನ್ನು ತರಿಸಿ ಓದುವ ಚಪಲ ಇತಿಹಾಸದ ವಿದ್ಯಾರ್ಥಿನಿಗೆ ಬಿಡುವುದೇ? ಮೂಲ ಕರಾರಿನ ಪುಟದಲ್ಲಿ ಆ ಸಾಲು ಇತ್ತು: ಈ ಸ್ವತ್ತನ್ನು ಕಕೇಷಿಯನ್ ಜನಾಂಗಕ್ಕೆ ಸೇರದವರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು; ಮನೆಗೆಲಸದ ಆಳುಗಳು ಮಾತ್ರ ಇದಕ್ಕೆ ಹೊರತು ಎಂಬುದು ಅದರ ತಾತ್ಪರ್ಯ.

ಕಾನೂನಿನ ದೃಷ್ಟಿಯಲ್ಲಿ ಆ ಸಾಲು ಸತ್ತು ಬಹುಕಾಲವಾಗಿತ್ತು. ಶೆಲ್ಲಿ ವಿರುದ್ಧ ಕ್ರೇಮರ್ ಮೊಕದ್ದಮೆಯಲ್ಲಿ 1948ರಲ್ಲಿಯೇ ಸುಪ್ರೀಂ ಕೋರ್ಟು ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ತೀರ್ಪಿತ್ತಿತು. 1968ರ ನ್ಯಾಯಯುತ ವಸತಿ ಕಾಯಿದೆ ವರ್ಣಭೇದದ ಮಾರಾಟವನ್ನೇ ನಿಷೇಧಿಸಿತು. ಆದರೂ ನನ್ನ ಕಣ್ಣು ಆ ಸಾಲಿನಿಂದ ಕದಲಲಿಲ್ಲ. ನಾವು ಭಾರತೀಯರು ಕಕೇಷಿಯನ್ನರೋ ಅಲ್ಲವೋ ಎಂಬ ಪ್ರಶ್ನೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ವಿದ್ವಾಂಸರು ಏನೇ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಭಾರತೀಯ ಬಿಳಿಯನಲ್ಲ. ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂಬುದು ಅಂದಿನ ತೀರ್ಪು. 1946ರವರೆಗೂ ನಮಗೆ ಆ ಬಾಗಿಲು ಮುಚ್ಚಿತ್ತು. ತೆರೆದಾಗಲೂ ವಲಸೆ ಬರಲು ಅವಕಾಶವಿದ್ದದ್ದು ವರ್ಷಕ್ಕೆ ನೂರು ಜನರಿಗೆ ಮಾತ್ರ. ನಮ್ಮಂಥವರು ಇಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬರಲು ಸಾಧ್ಯವಾದದ್ದು 1965ರ ವಲಸೆ ಕಾಯಿದೆಯಿಂದ. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಈ ದೇಶದ ಮನಸ್ಸನ್ನು ಕಲಕಿದ್ದ ದಿನಗಳಲ್ಲಿ ಆ ಕಾಯಿದೆ ಬಂದಿತೆಂಬುದನ್ನು ನೆನೆದರೆ, ನಮ್ಮ ಮನೆಗಳ ಅಡಿಗಲ್ಲನ್ನು ಯಾರು ಹೊತ್ತು ತಂದರೆಂಬುದು ತಿಳಿಯುತ್ತದೆ.

ಆ ಮನೆ ಕಟ್ಟಿದಾಗ ನಾನು ಇದ್ದಿದ್ದರೆ ಅದೇ ಬಿಸಿಲಿನ ಅಡುಗೆಮನೆಯಲ್ಲಿ ಅಡುಗೆಯವಳಾಗಿ ನಿಲ್ಲಬಹುದಿತ್ತು, ಒಡತಿಯಾಗಿ ಅಲ್ಲ. ಆ ರಾತ್ರಿ ನನಗೆ ನೆನಪಾದದ್ದು ಅಜ್ಜಿಯ ಮಾತು. "ಅಕ್ಕಪಕ್ಕ ಎಲ್ಲ ನಮ್ಮವರೇ." ಬಸವನಗುಡಿಯ ಜಗುಲಿಯಿಂದ ಹಿತವಾಗಿ ಕೇಳಿಸಿದ ಅದೇ ಮಾತನ್ನು ನಾನು ಈಗ ಬೇಲಿಯ ಹೊರಗೆ ನಿಂತು ಓದಿದ್ದೆ.

ಕೊಲಂಬಿಯ ಎಂಬ ಪ್ರಯೋಗ

ಆ ಮನೆ ನಮಗೆ ಸಿಗಲಿಲ್ಲ. ಹೆಚ್ಚು ಬೆಲೆ ಕೊಟ್ಟವರೊಬ್ಬರು ಕೊಂಡರು. ಕೊನೆಗೆ ನಾವು ನೆಲೆಸಿದ್ದು ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಡುವಣ ಕೊಲಂಬಿಯದಲ್ಲಿ. ಈ ಊರಿನ ಹುಟ್ಟಿನ ಕಥೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು.

ಬಾಲ್ಟಿಮೋರ್ ನಗರ 1910ರಷ್ಟು ಹಿಂದೆಯೇ, ಯಾವ ಬೀದಿಯಲ್ಲಿ ಯಾವ ವರ್ಣದವರು ವಾಸಿಸಬೇಕೆಂದು ಕಾನೂನು ಮಾಡಿ ದೇಶಕ್ಕೇ ಕೆಟ್ಟ ಮೇಲ್ಪಂಕ್ತಿ ಹಾಕಿಕೊಟ್ಟಿತ್ತು. ಅಂಥ ಕಾನೂನುಗಳನ್ನು ಸುಪ್ರೀಂ ಕೋರ್ಟು 1917ರಲ್ಲಿ ರದ್ದುಗೊಳಿಸಿತಾದರೂ ಕರಾರುಗಳ ಮೂಲಕ ಅದೇ ಪದ್ಧತಿ ಮುಂದುವರಿಯಿತು. ಆ ನಗರದಲ್ಲಿಯೇ ವ್ಯವಹಾರ ನಡೆಸುತ್ತಿದ್ದ ಜೇಮ್ಸ್ ರೌಸ್ (1914–1996) ಎಂಬ ಉದ್ಯಮಿ ಬೇರೊಂದು ಬಗೆಯ ಊರಿನ ಕನಸು ಕಂಡರು. ಕನೆಕ್ಟಿಕಟ್ ಜನರಲ್ ಎಂಬ ವಿಮಾ ಸಂಸ್ಥೆಯ ಹಣದ ನೆರವಿನಿಂದ, ಹೋವರ್ಡ್ ಕೌಂಟಿಯ ಹೊಲಗದ್ದೆಗಳನ್ನು ಸದ್ದಿಲ್ಲದೆ ತುಂಡುತುಂಡಾಗಿ ಕೊಂಡು, 1963ರ ಅಕ್ಟೋಬರಿನಲ್ಲಿ ಆ ಸಂಗತಿಯನ್ನು ಬಹಿರಂಗಪಡಿಸಿದರು. ಒಟ್ಟು ಸುಮಾರು 14,000 ಎಕರೆ. ಕೌಂಟಿಯ ಸುಮಾರು ಹತ್ತನೆಯ ಒಂದು ಭಾಗ! ಊರಿನ ನಕ್ಷೆಗೆ ಮುಂಚೆ ಅವರು ಸಮಾಜಶಾಸ್ತ್ರ, ಶಿಕ್ಷಣ, ಆರೋಗ್ಯ ಮೊದಲಾದ ಕ್ಷೇತ್ರಗಳ ತಜ್ಞರನ್ನು ಕೂಡಿಸಿ, ಮನುಷ್ಯ ಚೆನ್ನಾಗಿ ಬಾಳಲು ಏನು ಬೇಕು ಎಂದು ಚರ್ಚಿಸಿದರು. ಲೆವಿಟೌನಿನಲ್ಲಿ ಸ್ವತಃ ವಾಸಿಸಿ ಗ್ರಂಥ ಬರೆದ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ ಅವರೂ ಆ ತಂಡದಲ್ಲಿದ್ದರು.

1967ರ ಜೂನಿನಲ್ಲಿ ಊರಿನ ಉದ್ಘಾಟನೆಯಾಯಿತು. ನ್ಯಾಯಯುತ ವಸತಿ ಕಾಯಿದೆಗೆ ಒಂದು ವರ್ಷ ಮುಂಚೆಯೇ, ಯಾವ ವರ್ಣದವರಿಗೂ ಇಲ್ಲಿ ಮನೆ ಕೊಳ್ಳಲು ಅಡ್ಡಿಯಿರಲಿಲ್ಲ. ಊರನ್ನು ಹಳ್ಳಿಗಳೆಂದು ಕರೆಯುವ ಭಾಗಗಳಾಗಿ ವಿಂಗಡಿಸಿದರು. ವೈಲ್ಡ್ ಲೇಕ್ ಮೊದಲ ಹಳ್ಳಿ. ಒಂದೊಂದಾಗಿ ಸೇರಿ ಇಂದು ಹತ್ತಾಗಿವೆ. ಪ್ರತಿಯೊಂದು ಹಳ್ಳಿಗೂ ಅಂಗಡಿ, ಸಭಾಂಗಣಗಳ ಒಂದು ಕೇಂದ್ರ. ದುಬಾರಿ ಮನೆ, ಸಾಧಾರಣ ಮನೆ, ಬಾಡಿಗೆಯ ವಠಾರಗಳು ಒಂದೇ ಹಳ್ಳಿಯಲ್ಲಿರಬೇಕೆಂಬುದು ಉದ್ದೇಶ. ಅಂಚೆಪೆಟ್ಟಿಗೆಗಳನ್ನು ಮನೆಮನೆಗೆ ಇಡದೆ ಗುಂಪಾಗಿ ಒಂದೆಡೆ ಇಟ್ಟರು. ಕಾಗದ ತರಲು ಹೋದವರು ಪರಸ್ಪರ ಮಾತಾಡಲಿ ಎಂದು. ಪ್ರತಿಯೊಂದು ಮತಕ್ಕೂ ಪ್ರತ್ಯೇಕ ಮಂದಿರದ ಬದಲು ಹಲವು ಮತಗಳವರು ಹಂಚಿಕೊಳ್ಳುವ ಸರ್ವಧರ್ಮ ಕೇಂದ್ರಗಳನ್ನು ಕಟ್ಟಿದರು.

ಬಾವಿಕಟ್ಟೆಯ ಬಳಿ ನಾಲ್ಕು ಮಾತಾಡುತ್ತಿದ್ದ ಹೆಂಗಸರ ವಂಶದವಳಾದ ನನಗೆ, ಅಂಚೆಪೆಟ್ಟಿಗೆಯ ಕಟ್ಟೆಯೇ ಬಾವಿಕಟ್ಟೆಯಾಯಿತು. ಎದುರುಮನೆಯ ಕಪ್ಪು ಶಿಕ್ಷಕಿ, ಪಕ್ಕದ ಕೊರಿಯನ್ ದಂಪತಿಗಳು, ಮೂಲೆಮನೆಯ ಯಹೂದಿ ವೃದ್ಧೆ ಎಲ್ಲರ ಪರಿಚಯವೂ ನನಗಾದದ್ದು ಅಲ್ಲಿಯೇ. ಅತ್ತೆಯವರು ತೀರಿಕೊಂಡ ದಿನ, ನಮ್ಮ ಬಂಧುಗಳು ತಲಪುವ ಮುನ್ನ ಮನೆಯ ಬಾಗಿಲಲ್ಲಿ ನಿಂತಿದ್ದವರು ಆ ಶಿಕ್ಷಕಿ. "ನಮ್ಮವರು" ಎಂಬ ಪದದ ಅರ್ಥ ನನ್ನ ಮಟ್ಟಿಗೆ ಹಿಗ್ಗಿದ್ದು ಅಂದು.

ಪರೀಕ್ಷೆಯ ಘಳಿಗೆ

ಹಾಗೆಂದು ಕೊಲಂಬಿಯವನ್ನು ರಾಮರಾಜ್ಯವೆಂದು ಬಣ್ಣಿಸಿದರೆ ಇತಿಹಾಸಕ್ಕೆ ಅಪಚಾರವಾದೀತು. ವರ್ಷಗಳು ಕಳೆದಂತೆ ಹಳೆಯ ಹಳ್ಳಿಗಳ ಕೆಲವು ಕೇಂದ್ರಗಳು ಕಳೆಗುಂದಿದವು. ಹೊಸ ಹಳ್ಳಿಗಳಲ್ಲಿ ಮನೆಗಳ ಬೆಲೆ ಗಗನಕ್ಕೇರಿತು. ಯಾವ ಶಾಲೆಯ ವ್ಯಾಪ್ತಿಗೆ ಮನೆ ಸೇರುತ್ತದೆ ಎಂಬುದರ ಮೇಲೆ ಬೆಲೆ ನಿಂತಿತು. ಬಡ ಕುಟುಂಬಗಳ ಮಕ್ಕಳು ಕೆಲವೇ ಶಾಲೆಗಳಲ್ಲಿ ಹೆಚ್ಚಾಗಿ ಕೂಡಿಕೊಂಡರು. ಪತ್ರದಲ್ಲಿ ಬರೆಯದಿದ್ದರೂ ಬೆಲೆಯೇ ಬೇಲಿಯಾಗಬಲ್ಲದಷ್ಟೆ.

2019ರಲ್ಲಿ ಹೋವರ್ಡ್ ಕೌಂಟಿಯ ಶಾಲಾ ಆಡಳಿತ ಗಡಿಗಳನ್ನು ಬದಲಿಸುವ ಯೋಜನೆಯೊಂದನ್ನು ಮುಂದಿಟ್ಟಿತು. ಶಾಲೆಗಳ ದಟ್ಟಣೆಯನ್ನು ತಗ್ಗಿಸುವುದರ ಜೊತೆಗೆ ಬಡ ಮಕ್ಕಳು ಒಂದೇ ಕಡೆ ಸೇರಿಕೊಳ್ಳುವುದನ್ನು ತಪ್ಪಿಸುವುದೂ ಅದರ ಗುರಿ. ಏಳು ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆ ಬದಲಿಸಬೇಕಾಗುತ್ತಿತ್ತು. ಊರು ಎರಡಾಯಿತು. ಸಭೆಗಳಲ್ಲಿ ಕೂಗಾಟ, ಬೀದಿಯಲ್ಲಿ ಫಲಕಗಳು. ನಮ್ಮ ಕನ್ನಡ ಬಳಗದ ಆತ್ಮೀಯ ಗೆಳತಿಯೊಬ್ಬರು ವಿರೋಧದ ಮನವಿಪತ್ರ ಹಿಡಿದು ಮನೆಗೆ ಬಂದರು. "ಈ ಶಾಲೆಗಾಗಿಯೇ ಸಾಲ ಮಾಡಿ ಮನೆ ತೆಗೆದುಕೊಂಡೆವು, ಅಕ್ಕ. ಈಗ ಮಗುವನ್ನು ದೂರದ ಶಾಲೆಗೆ ಕಳಿಸು ಅಂದರೆ ಹೇಗೆ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ಅಳಲು ಸುಳ್ಳಾಗಿರಲಿಲ್ಲ.

ಲೇಖನಿಯನ್ನು ಕೈಗೆತ್ತಿಕೊಂಡೆ. ಸಹಿ ಹಾಕಲು ಆಗಲಿಲ್ಲ. ಹಳೆಯ ಪತ್ರದ ಆ ಸಾಲಿನ ಕಥೆಯನ್ನು ಅವರಿಗೆ ಹೇಳಿದೆ. "ನಿಮ್ಮ ಮಗಳ ಶಾಲೆ ಬದಲಾಗುವುದಿಲ್ಲವಲ್ಲ, ಅದಕ್ಕೇ ಇತಿಹಾಸ ಹೇಳುತ್ತೀರಿ" ಎಂದು ಅವರು ಎದ್ದು ಹೋದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಬಿಸಿ ತಾಗದವರ ಉಪದೇಶ ಸುಲಭವೆಂಬುದು ಸತ್ಯ. ಆ ವರ್ಷದ ನವೆಂಬರಿನಲ್ಲಿ, ಮೊದಲಿನ ಯೋಜನೆಗಿಂತ ಕಡಿಮೆ, ಸುಮಾರು ಐದು ಸಾವಿರದಷ್ಟು ಮಕ್ಕಳ ವರ್ಗಾವಣೆಗೆ ಒಪ್ಪಿಗೆಯಾಯಿತು. ಗೆಳತಿಯ ಮಗ ಹೊಸ ಶಾಲೆಗೆ ಹೋದ. ಎರಡು ಯುಗಾದಿಗಳು ನಾವಿಬ್ಬರೂ ಮಾತಿಲ್ಲದೆ ಕಳೆದೆವು. ಮೂರನೆಯ ಯುಗಾದಿಗೆ ಅವರೇ ಒಬ್ಬಟ್ಟಿನ ಡಬ್ಬಿ ಹಿಡಿದು ಬಂದರು. ಆ ಶಾಲೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೇವೂ ಬೆಲ್ಲವೂ ಅಂದು ಒಂದೇ ತಟ್ಟೆಯಲ್ಲಿದ್ದವು.

ಉಪಸಂಹಾರ

ಈ ಸಮ್ಮೇಳನಕ್ಕೆ ಬಂದಿರುವ ಎಳೆಯ ದಂಪತಿಗಳಲ್ಲಿ ಅನೇಕರು ಮನೆ ಹುಡುಕುವ ಹಂತದಲ್ಲಿರಬಹುದು. ಊಟದ ಪಂಕ್ತಿಯಲ್ಲಿ ಹಿರಿಯರನ್ನು "ಯಾವ ಕಡೆ ಒಳ್ಳೆಯದು?" ಎಂದು ಕೇಳುತ್ತಲೂ ಇರಬಹುದು. ಶಾಲೆಯನ್ನು ನೋಡಬೇಡಿ, ದೇವಸ್ಥಾನವನ್ನು ನೋಡಬೇಡಿ ಎಂದು ಹೇಳುವಷ್ಟು ವೈರಾಗ್ಯ ನನಗಿಲ್ಲ. ನಾವೂ ಅವನ್ನೆಲ್ಲ ನೋಡಿಯೇ ಬಂದವರು. ಮಕ್ಕಳ ಬಾಯಲ್ಲಿ ಕನ್ನಡ ಉಳಿಯಬೇಕಾದರೆ ಕನ್ನಡ ಮಾತಾಡುವ ನಾಲ್ಕು ಮನೆಗಳು ಹತ್ತಿರವಿರಬೇಕೆಂಬುದೂ ನಿಜ.

ಆದರೆ ಇತಿಹಾಸ ಒಂದು ಮಾತನ್ನು ನೆನಪಿಸುತ್ತದೆ. ಊರು ಬಿಟ್ಟು ಹೊರಟವರೆಲ್ಲರೂ ತಮ್ಮ ಮೌಲ್ಯಗಳಿಗಾಗಿಯೇ ಹೊರಟೆವೆಂದು ನಂಬಿದ್ದರು. ಬಸವನಗುಡಿಗೆ ಹೋದವರೂ, ಲೆವಿಟೌನಿಗೆ ಹೋದವರೂ ಮಕ್ಕಳ ಹಿತವನ್ನೇ ಬಯಸಿದ್ದರು. ಗಾಳಿ, ಬೆಳಕು, ಶಾಲೆ, ಸಭ್ಯತೆ ಇವುಗಳನ್ನು ಬಯಸಿದ್ದರಲ್ಲಿ ತಪ್ಪಿಲ್ಲ. ಅವು ತಮಗೆ ಮಾತ್ರ ಸಿಗಲೆಂದು ಗೆರೆ ಎಳೆದದ್ದರಲ್ಲಿ ತಪ್ಪಿದೆ. ಆದುದರಿಂದ "ಅಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ?" ಎಂದು ಕೇಳುವಾಗ, "ಅಲ್ಲಿ ಯಾರು ಇಲ್ಲ, ಏಕೆ ಇಲ್ಲ?" ಎಂದೂ ಒಮ್ಮೆ ಕೇಳಿ ನೋಡೋಣ. ಮೌಲ್ಯಗಳನ್ನು ಸಿದ್ಧವಾಗಿ ಕೊಡುವ ಊರು ಎಲ್ಲಿಯೂ ಇಲ್ಲ. ಅವನ್ನು ನಾವೇ ಹೊತ್ತುಕೊಂಡು ಹೋಗಬೇಕು, ನೆರೆಯವರೊಡನೆ ಹಂಚಿಕೊಳ್ಳಬೇಕು.

ಎರಡು ವರ್ಷಕ್ಕೊಮ್ಮೆ ದೂರದೂರದ ಊರುಗಳಿಂದ ಬಂದು ಒಂದೇ ಚಪ್ಪರದಡಿ ಸೇರುವ ನಾವು, ಹಿಂದಿರುಗಿದ ಮೇಲೆ ನಮ್ಮ ನಮ್ಮ ಬೀದಿಯ ಬಾವಿಕಟ್ಟೆಯನ್ನು ಹುಡುಕಿಕೊಳ್ಳೋಣ. ಸಮ್ಮೇಳನ ಯಶಸ್ವಿಯಾಗಲಿ, ಬಂದವರೆಲ್ಲರ ಮನೆಗಳೂ ಬೆಳಗಲಿ, ಆ ಬೆಳಕು ನೆರೆಮನೆಗೂ ಬೀಳಲಿ.